ಹೆತ್ತವರು ಯಾರು ಅಂತ ತಿಳಿಯಬೇಕು ಅನ್ನಿಸಿದರೆ: ದತ್ತು ಬಂದ ದೊಡ್ಡವರಿಗೊಂದು ದಾರಿ

ಹದಿನೆಂಟು ದಾಟಿದೆ. ದತ್ತು ಬಂದವರು ಅಂತ ಗೊತ್ತಿದೆ. ಎಲ್ಲಿಂದ ಬಂದೆ ಅನ್ನೋದು ಮಾತ್ರ ಗೊತ್ತಿಲ್ಲ. ಈ ಬರಹ ಅಂಥವರಿಗೆ. ನಾನೂ ದತ್ತು ಬಂದವಳೇ, ಹಾಗಾಗಿ ಯಶೋದೆ, ಕರ್ಣ ಅಂತ ಇಲ್ಲಿ ಕಥೆ ಹೇಳುವುದಿಲ್ಲ, ನಮ್ಮಂಥವರಿಗೆ ಅದನ್ನೆಲ್ಲ ನೆಂಟರು ಸಾಕಷ್ಟು ಹೇಳಿ ಆಗಿರುತ್ತದೆ. ಯಾವ ಕಚೇರಿಗೆ ಹೋಗಬೇಕು, ಏನು ಕೇಳಬೇಕು, ಯಾರ ಹತ್ತಿರ ಬಾಯಿ ಬಿಡಲೇಬಾರದು, ಇಷ್ಟೇ.

ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಕಾಗದ ಹುಡುಕಿ, ಆಮೇಲೆ ಮನುಷ್ಯರನ್ನು. ಕಾಗದ ಹುಡುಕಿದರೆ ಯಾರ ಸಂಸಾರವೂ ಕೆಡುವುದಿಲ್ಲ. ತುಂಬಾ ಜನ ಇದನ್ನು ತಿರುವುಮುರುವು ಮಾಡುತ್ತಾರೆ, ಫೇಸ್‌ಬುಕ್ಕಿನಲ್ಲಿ ಮಗುವಿದ್ದಾಗಿನ ಫೋಟೋ ಹಾಕಿ "ನನ್ನ ತಾಯಿ ಗೊತ್ತಿದ್ದರೆ ತಿಳಿಸಿ" ಅಂತ ಬರೆಯುತ್ತಾರೆ, ಆಮೇಲೆ ಬರುವ ಸುಳ್ಳು ಕರೆ ಮತ್ತು ದುಡ್ಡಿನ ಬೇಡಿಕೆಯ ನಡುವೆ ನಿಜ ಯಾವುದು ಅಂತ ತಿಳಿಯದೆ ಒದ್ದಾಡುತ್ತಾರೆ.

ನೀವು ಬಂದ ದಾರಿ ಯಾವುದು

ಇದು ಗೊತ್ತಾಗದೆ ಮುಂದೆ ಹೋಗಬೇಡಿ, ಯಾಕಂದರೆ ಒಂದೊಂದು ದಾರಿಯ ಕಾಗದ ಒಂದೊಂದು ಕಡೆ ಇರುತ್ತದೆ.

ಕೆಲವರು ದತ್ತು ಸಂಸ್ಥೆಯಿಂದ ಬಂದವರು. ಇವರಿಗೆ ಸಂಸ್ಥೆಯಲ್ಲಿ ಒಂದು ಫೈಲು, ಕೋರ್ಟಿನಲ್ಲಿ ಒಂದು ಫೈಲು ಇರುತ್ತದೆ. ಈಗ ದತ್ತು ಆದೇಶ ಕೊಡುವವರು ಜಿಲ್ಲಾಧಿಕಾರಿ. ಆದರೆ ಇದು 2022ರ ಸೆಪ್ಟೆಂಬರಿನಿಂದ ಬಂದ ಬದಲಾವಣೆ. ಇವತ್ತು ದೊಡ್ಡವರಾಗಿರುವ ನಮ್ಮದೆಲ್ಲ ಕೋರ್ಟಿನ ಕಾಲದ್ದು.

ಇನ್ನು ಕೆಲವರು ಬಂಧುಗಳೊಳಗೇ ದತ್ತು ಹೋದವರು. ದೊಡ್ಡಪ್ಪನಿಗೆ ಮಕ್ಕಳಿಲ್ಲ ಅಂತ ತಮ್ಮನ ಎರಡನೇ ಮಗನನ್ನು ಕೊಟ್ಟಿರುತ್ತಾರೆ, ಅಥವಾ ಅತ್ತೆಯ ಮಡಿಲಿಗೆ ಹಾಕಿರುತ್ತಾರೆ. ಇವು ಸಾಮಾನ್ಯವಾಗಿ 1956ರ ಹಿಂದೂ ದತ್ತು ಮತ್ತು ಜೀವನಾಂಶ ಕಾಯ್ದೆಯ ಕೆಳಗೆ ಬರುತ್ತವೆ. ದತ್ತು ಪತ್ರ ನೋಂದಣಿ ಆಗಿದ್ದರೆ ಕೆಲಸ ಸುಲಭ, ಯಾಕಂದರೆ ಈ ಕಾಯ್ದೆಯಲ್ಲಿ ಮಗುವನ್ನು ಕೊಡುವ ಹಕ್ಕು ತಂದೆಗೆ, ತಾಯಿಗೆ, ಅವರಿಲ್ಲದಿದ್ದರೆ ಪೋಷಕರಿಗೆ ಮಾತ್ರ ಇದೆ. ಅಂದರೆ ಕೊಟ್ಟವರ ಹೆಸರು ಪತ್ರದಲ್ಲೇ ಇರುತ್ತದೆ. ಬೀರುವಿನಲ್ಲಿ ಸಿಗದಿದ್ದರೆ, ಆಗ ಮನೆಯವರು ಯಾವ ಊರಲ್ಲಿದ್ದರೋ ಆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲು ಕೇಳಿ. ಗುರುತಿನ ಚೀಟಿ, ಸಾಧ್ಯವಾದರೆ ಸಾಕಿದ ಅಪ್ಪ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರು ಪತ್ರಕ್ಕೆ ಸಹಿ ಹಾಕಿದವರು, ಇಲ್ಲ ಅನ್ನುವುದು ಕಷ್ಟ.

ಮೂರನೆಯವರ ಪಾಡು ಕಷ್ಟದ್ದು. ನರ್ಸಿಂಗ್ ಹೋಮಿನಿಂದ ನೇರ ಮನೆಗೆ ಬಂದವರು, ಜನನ ಪ್ರಮಾಣಪತ್ರದಲ್ಲಿ ಸಾಕಿದವರ ಹೆಸರೇ ಹೆತ್ತವರ ಹೆಸರಾಗಿ ಬಿದ್ದಿರುವವರು. ಇವರ ಬಗ್ಗೆ ಮುಂದೆ ಬೇರೆಯಾಗಿ ಬರೆದಿದ್ದೇನೆ.

ಇನ್ನೊಂದು ಗುಂಪಿದೆ: ಇಲ್ಲಿ ಹುಟ್ಟಿ ಸ್ವೀಡನ್, ಜರ್ಮನಿ, ಅಮೆರಿಕದಲ್ಲಿ ಬೆಳೆದವರು. ಅವರು ಕನ್ನಡ ಓದುವುದಿಲ್ಲ. ಆದರೆ ಇದನ್ನು ಓದುತ್ತಿರುವ ನೀವು ಅವರಿಗೆ ಸಹಾಯ ಮಾಡುತ್ತಿರುವ ಗೆಳೆಯರೋ ಸಹೋದ್ಯೋಗಿಯೋ ಆಗಿರಬಹುದು. ಒಂದು ವಿಷಯ ಗಮನದಲ್ಲಿರಲಿ. ಈಗಿನ ನಿಯಮದ ಪ್ರಕಾರ ಮೂರನೆಯ ವ್ಯಕ್ತಿ ಹುಡುಕುವ ಹಾಗಿಲ್ಲ. ಅರ್ಜಿ ಅವರದ್ದೇ ಆಗಿರಬೇಕು. ನೀವು ಭಾಷೆಗೆ ಸಹಾಯ ಮಾಡಿ, ಊರಿಗೆ ಬಂದಾಗ ಜೊತೆಗಿರಿ, ಆದರೆ ಅವರ ಪರವಾಗಿ ಹಳ್ಳಿ ಸುತ್ತಬೇಡಿ. ದುಡ್ಡು ತಗೊಂಡು ಹುಡುಕಿಕೊಡುವ ಪತ್ತೇದಾರರಿಗೂ ಇದೇ ಮಾತು ಅನ್ವಯ.

ಮನೆಯಲ್ಲಿ ಕೇಳುವುದು

ಕಚೇರಿಗಿಂತ ಇದೇ ಕಷ್ಟ, ಅಲ್ವಾ. ಸಾಕಿದ ಅಮ್ಮನ ಮುಖ ನೆನಪಾದರೆ ಮಾತೇ ಹೊರಡುವುದಿಲ್ಲ. ಕೆಲವರು ಅಪ್ಪ ಅಮ್ಮ ಹೋದ ಮೇಲೆ ನೋಡೋಣ ಅಂತ ಮುಂದೂಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ಲೆಕ್ಕ. ಅವರ ನೆನಪಿನಲ್ಲಿರುವ ವಿವರ ಯಾವ ಫೈಲಿನಲ್ಲೂ ಇರುವುದಿಲ್ಲ: ಅವತ್ತು ಮಗುವನ್ನು ಕೈಗೆ ಕೊಟ್ಟ ದಾದಿ ಏನಂದರು, ಯಾವ ಬಟ್ಟೆ ಸುತ್ತಿದ್ದರು, ಹೆಸರು ಮೊದಲು ಏನಿತ್ತು.

ಕೇಳುವ ರೀತಿ ಮುಖ್ಯ. "ನನ್ನ ನಿಜವಾದ ಅಮ್ಮ ಯಾರು" ಅಂತ ಕೇಳಿದರೆ ಮಾತು ಅಲ್ಲಿಗೇ ಮುಗಿಯಿತು. ಸುಮ್ನೆ ಕಾಗದದಿಂದ ಶುರು ಮಾಡಿ. "ಅಮ್ಮಾ, ನನ್ನ ದತ್ತು ಕಾಗದ ಎಲ್ಲಿದೆ? ಪಾಸ್‌ಪೋರ್ಟಿಗೆ, ಆಸ್ತಿಗೆ ಯಾವುದಕ್ಕಾದರೂ ಬೇಕಾಗಬಹುದು, ಒಂದು ಕಾಪಿ ನನ್ನ ಹತ್ತಿರವೂ ಇರಲಿ." ಇದರಲ್ಲಿ ಸುಳ್ಳೂ ಇಲ್ಲ. ಕಾಗದ ಹೊರಗೆ ಬಂದ ಮೇಲೆ ಮಾತು ತಾನಾಗೇ ಬರುತ್ತದೆ. ಅವತ್ತೇ ಎಲ್ಲ ಕೇಳಿ ಮುಗಿಸಬೇಕು ಅಂತೇನಿಲ್ಲ. ಆಮೇಲೆ ಒಂದು ದಿನ, ಅಡುಗೆ ಮನೆಯಲ್ಲಿ ಇಬ್ಬರೇ ಇದ್ದಾಗ, "ನನಗೆ ತಿಳಿಯಬೇಕು ಅನ್ನಿಸ್ತಿದೆ. ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋಗೋದಕ್ಕಲ್ಲ" ಅಂತ ಬಾಯಿ ಬಿಟ್ಟು ಹೇಳಿಬಿಡಿ. ಅವರು ಅತ್ತರೆ ಅಳಲಿ. ಸಿಟ್ಟು ಮಾಡಿಕೊಂಡರೆ ಒಂದಷ್ಟು ದಿನ ಬಿಡಿ. ಹದಿನೆಂಟು ಆದ ಮೇಲೆ ಅವರ ಒಪ್ಪಿಗೆ ಕಾನೂನಿಗೆ ಬೇಕಿಲ್ಲ, ನಿಮ್ಮ ಸಮಾಧಾನಕ್ಕೆ ಬೇಕಾದರೆ ಅದು ಬೇರೆ ವಿಷಯ.

ಅವರ ಹೆದರಿಕೆಯಲ್ಲಿ ಕಾನೂನಿನ ಹೆದರಿಕೆಯೂ ಇರಬಹುದು, ಅದೂ ಗೊತ್ತಿರಲಿ. ಕಾಗದ ಸರಿ ಮಾಡಿಸದೆ ಮಗು ತಂದವರು "ಪೊಲೀಸರು ಬಂದುಬಿಟ್ಟರೆ" ಅನ್ನುವ ಭಯದಲ್ಲೇ ಮೂವತ್ತು ವರ್ಷ ಕಳೆದಿರುತ್ತಾರೆ.

ಫೈಲಿನಲ್ಲಿ ಏನೇನಿರುತ್ತದೆ

ಸಂಸ್ಥೆಯಿಂದ ಬಂದವರಾದರೆ ಏನು ಕೇಳಬೇಕು ಅಂತ ಗೊತ್ತಿರಬೇಕು. "ನನ್ನ ಬಗ್ಗೆ ಇರುವ ಮಾಹಿತಿ ಕೊಡಿ" ಅಂದರೆ ಒಂದು ಹಾಳೆ ಕೊಟ್ಟು ಕಳಿಸಬಹುದು. ಹೆಸರು ಹಿಡಿದು ಕೇಳಿ: ದಾಖಲಾತಿ ರಿಜಿಸ್ಟರಿನ ನಮೂದು, ಚೈಲ್ಡ್ ಸ್ಟಡಿ ರಿಪೋರ್ಟ್ (ಮಗುವಿನ ಹಿನ್ನೆಲೆ ಬರೆದಿಟ್ಟ ವರದಿ), ವೈದ್ಯಕೀಯ ತಪಾಸಣೆ ವರದಿ, ಆಗಿನ ಫೋಟೋ, ದತ್ತು ಕೊಡಬಹುದು ಅಂತ ಮಕ್ಕಳ ಕಲ್ಯಾಣ ಸಮಿತಿ ಕೊಟ್ಟ ಆದೇಶ, ಕೋರ್ಟು ಆದೇಶ. ತಾಯಿಯೇ ಒಪ್ಪಿಸಿ ಹೋಗಿದ್ದರೆ ಒಪ್ಪಿಸಿದ ಪತ್ರ ಇರುತ್ತದೆ. ಇವತ್ತಿನ ಕಾಯ್ದೆಯಲ್ಲಿ ಮಗುವನ್ನು ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸಲು ಹೆತ್ತವರಿಗೆ ಎರಡು ತಿಂಗಳ ಕಾಲಾವಕಾಶ ಇದೆ. ಹಳೆಯ ಫೈಲುಗಳಲ್ಲಿ ಇಂಥ ವಿವರ ಒಂದೊಂದು ರೀತಿ, ಕೆಲವದರಲ್ಲಿ ತಾಯಿಯ ಸಹಿಯೇ ಇರುವುದಿಲ್ಲ. ಅಂಥದ್ದು ಕಂಡರೆ ಗಾಬರಿಯಾಗುವುದು ಸಹಜ, ಆದರೆ ಆ ಕ್ಷಣವೇ "ನನ್ನನ್ನು ಕದ್ದಿದ್ದಾರೆ" ಅಂತ ತೀರ್ಮಾನಕ್ಕೆ ಬರಬೇಡಿ, ಹಾಗಂತ "ಹಳೇ ಕಾಲ, ಬಿಡಿ" ಅನ್ನುವ ಮಾತಿಗೂ ತಲೆಯಾಡಿಸಬೇಡಿ. ನಕಲು ತೆಗೆದುಕೊಂಡು ವಕೀಲರಿಗೆ ತೋರಿಸಿ.

ಕೋರ್ಟಿನ ಫೈಲನ್ನು ಎಲ್ಲರೂ ಮರೆಯುತ್ತಾರೆ. ನಿಮ್ಮ ಹತ್ತಿರ ಇರುವ ಆದೇಶದ ಪ್ರತಿಯ ಮೇಲೆ ಪ್ರಕರಣದ ಸಂಖ್ಯೆ ಮತ್ತು ಇಸವಿ ಇರುತ್ತದೆ. ಅದನ್ನಿಟ್ಟುಕೊಂಡು ಆ ನ್ಯಾಯಾಲಯದ ನಕಲು ವಿಭಾಗದಲ್ಲಿ ಅರ್ಜಿ ಹಾಕಬಹುದು. ಆದೇಶ ಎರಡು ಪುಟದ್ದಾದರೂ ಅದರ ಹಿಂದಿನ ಅರ್ಜಿ, ಲಗತ್ತುಗಳು ದೊಡ್ಡದಿರುತ್ತವೆ, ಅದರೊಳಗೆ ಸಂಸ್ಥೆ ಸಲ್ಲಿಸಿದ ಕಾಗದ ಇರುತ್ತದೆ. ಹಿಂದೂಗಳಲ್ಲದ ಮನೆಗೆ ಅಥವಾ ವಿದೇಶಕ್ಕೆ ಹೋದ ಹಳೆಯ ಪ್ರಕರಣಗಳು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿ, ದತ್ತು ಅಂತ ಅಲ್ಲದೆ ಪೋಷಕತ್ವ ಅಂತ ದಾಖಲಾಗಿರುತ್ತವೆ. "ದತ್ತು ಪ್ರಕರಣ" ಅಂತ ಹುಡುಕಿದರೆ ಸಿಗುವುದಿಲ್ಲ.

ಅರ್ಜಿ ಎಲ್ಲಿ, ಹೇಗೆ

ದೇಶದ ಮಟ್ಟದಲ್ಲಿ ದತ್ತು ನೋಡಿಕೊಳ್ಳುವುದು ದೆಹಲಿಯ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಎಲ್ಲರೂ ಕಾರಾ ಅನ್ನುತ್ತಾರೆ. ರಾಜ್ಯದಲ್ಲಿ ರಾಜ್ಯ ದತ್ತು ಸಂಪನ್ಮೂಲ ಸಂಸ್ಥೆ, ಅಂದರೆ ಸಾರಾ, ಜಿಲ್ಲೆಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ. 2022ರ ದತ್ತು ನಿಯಮಾವಳಿಯಲ್ಲಿ ರೂಟ್ ಸರ್ಚ್, ಅಂದರೆ ಹುಟ್ಟಿನ ಮೂಲ ಹುಡುಕುವುದು, ಅಂತ ಒಂದು ನಿಯಮವೇ ಇದೆ. ದತ್ತು ಬಂದವರು ಸಂಪರ್ಕಿಸಿದರೆ ಈ ಸಂಸ್ಥೆಗಳೆಲ್ಲ ಸಹಾಯ ಮಾಡಬೇಕು ಅಂತ ಅದು ಹೇಳುತ್ತದೆ. ಹದಿನೆಂಟು ದಾಟಿದವರು ತಾವೇ ಕಾರಾಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು, ಅದಕ್ಕಿಂತ ಚಿಕ್ಕವರು ಸಾಕಿದವರ ಜೊತೆ ಸೇರಿ.

ಇದೇ ನಿಯಮ ಇನ್ನೊಂದನ್ನೂ ಹೇಳುತ್ತದೆ: ನಿಮ್ಮ ಹಕ್ಕು ಹೆತ್ತವರ ಖಾಸಗಿತನವನ್ನು ಮುರಿಯುವ ಹಾಗಿಲ್ಲ. ಒಪ್ಪಿಸುವಾಗಲೇ "ನನ್ನ ಹೆಸರು ಹೇಳಬೇಡಿ" ಅಂತ ತಾಯಿ ಕೇಳಿಕೊಂಡಿದ್ದರೆ, ಈಗ ಅಧಿಕಾರಿಗಳು ಅವರನ್ನು ಕಂಡು ಒಪ್ಪಿಗೆ ಕೇಳಬೇಕು. ಅವರು ಬೇಡ ಅಂದರೆ, ಅಥವಾ ಪತ್ತೆಯೇ ಆಗದಿದ್ದರೆ, ಯಾವ ಕಾರಣಕ್ಕೆ, ಯಾವ ಪರಿಸ್ಥಿತಿಯಲ್ಲಿ ಒಪ್ಪಿಸಿದರು ಅನ್ನುವುದನ್ನಾದರೂ ನಿಮಗೆ ತಿಳಿಸಬೇಕು. "ಇಲ್ಲ, ಆಗಲ್ಲ" ಅಂತ ಬರೀ ಬಾಯಿಮಾತಿನಲ್ಲಿ ಕಳಿಸುವ ಹಾಗಿಲ್ಲ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಕಚೇರಿಯಲ್ಲಿ ಬೇಕಾಗುತ್ತದೆ.

ಆನ್‌ಲೈನ್ ಅರ್ಜಿಯ ಜೊತೆಗೆ ಒಂದು ಕಾಗದದ ಅರ್ಜಿಯನ್ನೂ ಜಿಲ್ಲಾ ಘಟಕಕ್ಕೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ ಅನ್ನುವುದು ನನ್ನ ಸಲಹೆ. ಹೀಗೆ ಬರೆದರೆ ಸಾಕು:

"ನಾನು ಇಂಥವರು, ವಯಸ್ಸು ಇಷ್ಟು. ಇಂಥ ಇಸವಿಯಲ್ಲಿ ಇಂಥ ಸಂಸ್ಥೆಯಿಂದ ದತ್ತು ಬಂದಿದ್ದೇನೆ. ದತ್ತು ನಿಯಮಾವಳಿ 2022ರ ರೂಟ್ ಸರ್ಚ್ ನಿಯಮದಂತೆ ನನ್ನ ಕಡತದಲ್ಲಿರುವ ದಾಖಲೆಗಳ ನಕಲು ಕೋರುತ್ತೇನೆ. ಹೆತ್ತವರ ಒಪ್ಪಿಗೆ ಬೇಕಾದ ಕಡೆ ತಾವು ಗುಟ್ಟಾಗಿ ಅವರನ್ನು ಸಂಪರ್ಕಿಸಿ ಕೇಳಬೇಕೆಂದು ವಿನಂತಿ. ಅವರು ಒಪ್ಪದಿದ್ದರೆ ಒಪ್ಪಿಸಿದ ಕಾರಣ ಮತ್ತು ಕುಟುಂಬದ ಆರೋಗ್ಯದ ವಿವರವನ್ನಾದರೂ ಹೆಸರು ಹೇಳದೆ ತಿಳಿಸಬೇಕು."

ಜೊತೆಗೆ ಗುರುತಿನ ಚೀಟಿ, ದತ್ತು ಆದೇಶ, ಎಳೆಯ ವಯಸ್ಸಿನ ಫೋಟೋ ಲಗತ್ತಿಸಿ.

ಸಂಸ್ಥೆ ಮುಚ್ಚಿಹೋಗಿದ್ದರೆ? ಇದು ಸಾಮಾನ್ಯ ತೊಂದರೆ. ದತ್ತಿನ ವಿವರಗಳನ್ನು ಕಂಪ್ಯೂಟರಿನಲ್ಲಿ ಇಡುವ ಕಾರಾದ ಕೇರಿಂಗ್ಸ್ ತಂತ್ರಾಂಶ ಶುರುವಾಗಿದ್ದು 2011ರಲ್ಲಿ, ಅದಕ್ಕೂ ಹಿಂದಿನದು ಕಾಗದದ ಕಟ್ಟಿನಲ್ಲೇ ಇರುತ್ತದೆ. ಆ ಕಟ್ಟು ಎಲ್ಲಿಗೆ ಹೋಯಿತು ಅಂತ ಸಾರಾವನ್ನು ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಆದರೆ ಪ್ರಶ್ನೆಯನ್ನು ಜಾಣತನದಿಂದ ಹಾಕಿ. "ನನ್ನ ತಾಯಿಯ ಹೆಸರೇನು" ಅಂದರೆ ಖಾಸಗಿ ಮಾಹಿತಿ ಅಂತ ತಳ್ಳಿಹಾಕುತ್ತಾರೆ. "ಇಂಥ ಸಂಸ್ಥೆಯ ಮಾನ್ಯತೆ ಮುಗಿದಾಗ ಅದರ ದಾಖಲೆಗಳನ್ನು ಯಾವ ಕಚೇರಿಗೆ ಹಸ್ತಾಂತರಿಸಲಾಗಿದೆ, ಹಸ್ತಾಂತರದ ಪತ್ರದ ನಕಲು ಕೊಡಿ" ಅಂದರೆ ಉತ್ತರ ಕೊಡದೆ ಬೇರೆ ದಾರಿ ಇಲ್ಲ. ವಿದೇಶಿ ಪೌರತ್ವ ಇರುವವರಿಗೆ ಈ ದಾರಿ ಇಲ್ಲ, ಮಾಹಿತಿ ಹಕ್ಕು ಭಾರತದ ಪ್ರಜೆಗಳಿಗೆ ಮಾತ್ರ. ಅವರು ತಮ್ಮ ದೇಶದ ದತ್ತು ಪ್ರಾಧಿಕಾರದ ಮೂಲಕ ಬರಬೇಕು, ದೇಶದಿಂದ ದೇಶಕ್ಕೆ ಆಗುವ ದತ್ತಿನ ಬಗೆಗಿನ ಹೇಗ್ ಒಪ್ಪಂದದಲ್ಲಿ ಭಾರತ 2003ರಿಂದ ಇದೆ, ಮಗುವಿನ ಮೂಲದ ಮಾಹಿತಿಯನ್ನು ಜೋಪಾನ ಮಾಡಬೇಕು ಅಂತ ಆ ಒಪ್ಪಂದವೇ ಹೇಳುತ್ತದೆ. ಹಳೆಯ ಭಾರತದ ಪಾಸ್‌ಪೋರ್ಟನ್ನು ಅವರು ಎಸೆಯದಿರಲಿ, ಒಸಿಐ ಕಾರ್ಡಿಗೆ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಸರ್ಕಾರ ಕೊಡುವ ಕಾರ್ಡು) ಅರ್ಜಿ ಹಾಕುವಾಗ ಅದೇ ಸಾಕ್ಷಿ.

ತೊಟ್ಟಿಲಲ್ಲಿ, ಬಸ್ ನಿಲ್ದಾಣದಲ್ಲಿ ಸಿಕ್ಕವರು

ಬಿಟ್ಟುಹೋದ ಮಗು ಅಂತ ದಾಖಲಾದವರ ಫೈಲಿನಲ್ಲಿ ತಾಯಿಯ ಹೆಸರು ಇರುವುದಿಲ್ಲ. ಇಂಥವರಿಗೆ ಎಲ್ಲಿ ಸಿಕ್ಕಿದರು, ಯಾರು ತಂದರು, ಹೇಗೆ ಸಂಸ್ಥೆ ಸೇರಿದರು ಅನ್ನುವುದನ್ನು ತಿಳಿಸಬಹುದು ಅಂತ ನಿಯಮ ಇದೆ. ಅಷ್ಟರಿಂದ ಏನು ಮಾಡಬಹುದು?

ಮಗು ಸಿಕ್ಕ ಠಾಣೆಯ ವ್ಯಾಪ್ತಿ ನೋಡಿ. ಹೆತ್ತವರು ಪತ್ತೆಯಾಗಲಿಲ್ಲ ಅಂತ ಪೊಲೀಸರು ಕೊಟ್ಟ ವರದಿ ಫೈಲಿನಲ್ಲಿದ್ದರೆ ಅದರಲ್ಲಿ ಠಾಣೆ, ದಿನಾಂಕ, ಕೆಲವೊಮ್ಮೆ ಮಗುವನ್ನು ಕಂಡವರ ವಿವರ ಇರುತ್ತದೆ. ಬಿಟ್ಟುಹೋದ ಮಗುವಿನ ಫೋಟೋ ಹಾಕಿ ಪತ್ರಿಕೆಯಲ್ಲಿ ಪ್ರಕಟಣೆ ಕೊಡುವ ಪದ್ಧತಿಯೂ ಇದೆ. ಆ ತಿಂಗಳ ಸ್ಥಳೀಯ ಕನ್ನಡ ಪತ್ರಿಕೆಯ ಹಳೆಯ ಸಂಪುಟ ಸಿಕ್ಕರೆ, ನಿಮ್ಮದೇ ಮುಖ ಅಲ್ಲಿರಬಹುದು. ಆಸ್ಪತ್ರೆಯಲ್ಲಿ ಬಿಟ್ಟುಹೋದವರಾದರೆ ಹೆರಿಗೆ ರಿಜಿಸ್ಟರ್ ಇರುತ್ತದೆ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಶನ್, ಇಂಥ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಗಳಿಗೆ ಸುತ್ತಮುತ್ತಲ ಜಿಲ್ಲೆಗಳಿಂದಲೂ ಬರುತ್ತಾರೆ, ಹಾಗಾಗಿ ಹುಟ್ಟಿದ ಊರು ಬೆಂಗಳೂರು ಅಂತ ಇದ್ದರೆ ತಾಯಿ ಬೆಂಗಳೂರಿನವರೇ ಅಂದುಕೊಳ್ಳಬೇಡಿ. ರಿಜಿಸ್ಟರನ್ನು ನಿಮ್ಮ ಕೈಗೆ ಕೊಡುವುದಿಲ್ಲ, ರಕ್ಷಣಾ ಘಟಕದವರ ಮೂಲಕವೇ ಕೇಳಿಸಬೇಕು. ತಾಯಿ ಕೊಟ್ಟ ಹೆಸರು, ವಿಳಾಸ ಸುಳ್ಳಿರುವ ಸಾಧ್ಯತೆಯೂ ಜಾಸ್ತಿ. ಮದುವೆಯಾಗದ ಹುಡುಗಿ ಹೆರಿಗೆಗೆ ಬಂದು ನಿಜ ವಿಳಾಸ ಬರೆಸುತ್ತಾಳಾ?

ಇನ್ನೊಂದು ಸಣ್ಣ ಮಾತು. ಹೀಗೆ ಸಿಕ್ಕವರ ಹುಟ್ಟುಹಬ್ಬ ಅಂದಾಜಿನದು, ವೈದ್ಯರು ನೋಡಿ ಇಷ್ಟು ದಿನದ ಮಗು ಅಂತ ಬರೆದದ್ದು. ಅದನ್ನಿಟ್ಟು ಬರೆಸಿದ ಜಾತಕಕ್ಕೆ ಎಷ್ಟು ಬೆಲೆ ಕೊಡಬೇಕೋ ನಿಮಗೆ ಬಿಟ್ಟಿದ್ದು.

ಕಾಗದವೇ ಇಲ್ಲದವರು

ನರ್ಸಿಂಗ್ ಹೋಮಿನಿಂದ ನೇರ ಬಂದವರಿಗೆ ಕಾರಾ, ಸಾರಾ ಯಾವುದರಲ್ಲೂ ಫೈಲು ಇಲ್ಲ. ಇಲ್ಲಿ ನೆನಪೇ ದಾಖಲೆ: ಆಗಿನ ವೈದ್ಯರು, ಆಯಾ, ಮಧ್ಯೆ ನಿಂತ ನೆಂಟರು. ಅವರಿಗೆಲ್ಲ ವಯಸ್ಸಾಗಿರುತ್ತದೆ, ತಡ ಮಾಡಬೇಡಿ. "ಯಾರ ಮೇಲೂ ದೂರು ಕೊಡುವುದಕ್ಕೆ ಬಂದಿಲ್ಲ" ಅಂತ ಮೊದಲೇ ಹೇಳಿ.

ಹುಡುಕುವ ಮುಂಚೆ ಆಸ್ತಿ ವಿಚಾರ ಯೋಚಿಸಿ. ಕೇಳಲು ಕಟುವಾಗಿದೆ, ಆದರೂ ಹೇಳಬೇಕು. ದತ್ತು ಪತ್ರವೂ ಇಲ್ಲ, ಕೋರ್ಟು ಆದೇಶವೂ ಇಲ್ಲ ಅಂದಾಗ ನೀವು ಹೆತ್ತ ಮಗು ಅಲ್ಲ ಅನ್ನುವುದು ಊರಿಗೆಲ್ಲ ಗೊತ್ತಾದರೆ, ನಾಳೆ ದಾಯಾದಿಗಳು ಆಸ್ತಿಗೆ ತಕರಾರು ತೆಗೆಯಬಹುದು. ಹಿಂದೂ ದತ್ತು ಕಾಯ್ದೆಯಲ್ಲಿ, ಬೇರೆ ರೂಢಿ ಇದ್ದರೆ ಹೊರತು, ಹದಿನೈದು ತುಂಬಿದವರನ್ನು ದತ್ತು ತೆಗೆದುಕೊಳ್ಳುವ ಹಾಗಿಲ್ಲ, ಅಂದರೆ ಈಗ ಹೊಸದಾಗಿ ಸರಿಮಾಡಿಸುವುದೂ ಕಷ್ಟ. ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ಸ್ವಯಾರ್ಜಿತ ಆಸ್ತಿಗೆ ಒಂದು ವಿಲ್ ಮಾಡಿ ನೋಂದಣಿ ಮಾಡಿಸಲಿ. ಅದು ಮುಗಿದ ಮೇಲೆ ಹುಡುಕಾಟ.

ಡಿಎನ್‌ಎ ಪರೀಕ್ಷೆ: ನಮ್ಮ ಕಡೆ ಲೆಕ್ಕ ಬೇರೆ

ಉಗುಳು ಕಳಿಸಿ ನೆಂಟರನ್ನು ಹುಡುಕುವ ಪರೀಕ್ಷೆಗಳು ವಿದೇಶದಲ್ಲಿ ಬೆಳೆದವರಿಗೆ ಹೆಚ್ಚು ಗೊತ್ತು, ಈಗ ಇಲ್ಲೂ ಕೇಳುತ್ತಿದ್ದಾರೆ. ಆನ್ಸೆಸ್ಟ್ರಿ, ಟ್ವೆಂಟಿತ್ರೀ ಅಂಡ್ ಮಿ, ಮೈಹೆರಿಟೇಜ್ ಇವು ದೊಡ್ಡ ಹೆಸರುಗಳು. ಒಂದರಲ್ಲಿ ಮಾಡಿಸಿ, ಅದರ ಕಚ್ಚಾ ಫೈಲನ್ನು, ಇಂಥ ಫೈಲುಗಳನ್ನು ಹೋಲಿಸಿ ನೋಡುವ ಜಾಲತಾಣವಾದ ಜೆಡ್‌ಮ್ಯಾಚ್‌ಗೆ ಹಾಕಿದರೆ ಬೇರೆ ಕಂಪನಿಗಳಲ್ಲಿ ಮಾಡಿಸಿದವರ ಜೊತೆಗೂ ಹೋಲಿಸಬಹುದು. ನಿಮ್ಮ ಮಾಹಿತಿ ಸೋರಿಹೋಗುವ ಅಪಾಯ ಸುಮ್ಮನೆ ಹೇಳುವ ಮಾತಲ್ಲ. 2023ರಲ್ಲಿ ಟ್ವೆಂಟಿತ್ರೀ ಅಂಡ್ ಮಿಯ ಲಕ್ಷಾಂತರ ಗ್ರಾಹಕರ ವಿವರ ಕಳವಾಯಿತು, 2025ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು.

ಈ ಪಟ್ಟಿಗಳಲ್ಲಿ ಭಾರತದವರು ಕಡಿಮೆ. ಇರುವವರಲ್ಲೂ ಅಮೆರಿಕಕ್ಕೆ ಹೋದವರೇ ಹೆಚ್ಚು ಕಾಣುತ್ತಾರೆ. ಹಾಗಾಗಿ ಮೊದಲ ದಿನವೇ ಅಮ್ಮ ಸಿಗುತ್ತಾರೆ ಅಂದುಕೊಳ್ಳಬೇಡಿ, ದೂರದ ಒಬ್ಬ ದಾಯಾದಿ ಸಿಕ್ಕರೆ ಅದೇ ದೊಡ್ಡದು. "ದಕ್ಷಿಣ ಭಾರತ ಶೇಕಡಾ ಇಷ್ಟು" ಅನ್ನುವ ಬಣ್ಣದ ನಕ್ಷೆಯಿಂದ ಜಾತಿಯೂ ತಿಳಿಯುವುದಿಲ್ಲ, ಊರೂ ತಿಳಿಯುವುದಿಲ್ಲ.

ಈಗ ಮುಖ್ಯ ವಿಷಯ. ಇಬ್ಬರ ನಡುವೆ ಎಷ್ಟು ಡಿಎನ್‌ಎ ಒಂದೇ ಇದೆ ಅನ್ನುವುದನ್ನು ಸೆಂಟಿಮಾರ್ಗನ್ ಲೆಕ್ಕದಲ್ಲಿ ತೋರಿಸುತ್ತಾರೆ. ತಾಯಿ ಮತ್ತು ಮಗುವಿಗೆ ಸುಮಾರು 3400, ತಾಯಿಯ ಒಡಹುಟ್ಟಿದವರಿಗೆ ಅಥವಾ ಅಜ್ಜಿಗೆ ಸುಮಾರು 1750, ಚಿಕ್ಕಮ್ಮನ ಮಕ್ಕಳಿಗೆ ಸುಮಾರು 870, ಅಜ್ಜ ಅಜ್ಜಿಯ ಒಡಹುಟ್ಟಿದವರ ಮೊಮ್ಮಕ್ಕಳಿಗೆ ಸುಮಾರು 230. ಈ ಕೋಷ್ಟಕ ಮಾಡಿದ್ದು ಸಂಬಂಧದೊಳಗೆ ಮದುವೆ ಕಡಿಮೆ ಇರುವ ಜನರನ್ನು ನೋಡಿ. ನಮ್ಮಲ್ಲಿ ಜಾತಿಯೊಳಗೇ ಮದುವೆ, ಅದರಲ್ಲೂ ಅಕ್ಕನ ಮಗಳು, ಸೋದರತ್ತೆ ಮಗ. ನಾಲ್ಕು ಕಡೆಯಿಂದ ನೆಂಟರಾದವರಿಗೆ ಸಂಖ್ಯೆ ಉಬ್ಬಿ ಕಾಣುತ್ತದೆ. 300 ಇದೆ ಅಂತ ಹತ್ತಿರದವರು ಅಂದುಕೊಂಡರೆ ನಿಜದಲ್ಲಿ ಎಷ್ಟೋ ದೂರದವರಾಗಿರುತ್ತಾರೆ. ಒಟ್ಟು ಮೊತ್ತ ನೋಡುವುದಕ್ಕಿಂತ, ಇಬ್ಬರಲ್ಲೂ ಒಂದೇ ಆಗಿರುವ ತುಂಡುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಎಷ್ಟಿದೆ ನೋಡಿ. ಸಣ್ಣ ಸಣ್ಣ ತುಂಡುಗಳೇ ತುಂಬಿದ್ದರೆ ಅದು ಹಳೆಯ ನೆಂಟಸ್ತನ, ಉದ್ದನೆಯ ತುಂಡು ಇದ್ದರೆ ಹತ್ತಿರದ್ದು.

ಜೆಡ್‌ಮ್ಯಾಚ್‌ನಲ್ಲಿ ನಿಮ್ಮ ಅಪ್ಪ ಅಮ್ಮ ಪರಸ್ಪರ ಸಂಬಂಧಿಗಳೇ ಅಂತ ನೋಡುವ ಒಂದು ಸಾಧನ ಇದೆ. ಅಲ್ಲಿ ಹೌದು ಅಂತ ಬಂದರೆ ವಿದೇಶದಲ್ಲಿ ಬೆಳೆದವರು ಕುಸಿದುಹೋಗುತ್ತಾರೆ, ಏನೋ ಅನಾಹುತವೇ ಆಗಿದೆ ಅಂತ. ನಿಮ್ಮ ಗೆಳತಿಗೆ ಹಾಗಾದರೆ ನಿಧಾನವಾಗಿ ಹೇಳಿ: ಕರ್ನಾಟಕದಲ್ಲಿ ಸೋದರಮಾವನನ್ನು ಮದುವೆಯಾಗುವುದು ಊರೆಲ್ಲ ಸೇರಿ ಚಪ್ಪರ ಹಾಕಿ ಮಾಡುವ ಮದುವೆ. ಅದು ಒಂದು ಸಾಧ್ಯತೆ, ಬೇರೆಯದ್ದೂ ಇರಬಹುದು, ಒಂದು ಸಂಖ್ಯೆಯಿಂದ ಹೇಳಲಾಗುವುದಿಲ್ಲ.

ಜಾತಿ, ಗೋತ್ರ, ಸಕ್ಕರೆ ಕಾಯಿಲೆ

ಮದುವೆ ಮಾತುಕತೆಯಲ್ಲಿ ದತ್ತು ವಿಷಯ ಮುಚ್ಚಿಡಬೇಡಿ, ಆಮೇಲೆ ಬೇರೆಯವರ ಬಾಯಿಂದ ಗೊತ್ತಾದರೆ ರಗಳೆ ಜಾಸ್ತಿ. ಕಾನೂನಿನ ಮಟ್ಟಿಗೆ ದತ್ತು ಆದ ದಿನದಿಂದ ನೀವು ಸಾಕಿದವರ ಮಗು, ಅವರ ಗೋತ್ರವೇ ನಿಮ್ಮದು, ಪುರೋಹಿತರು ಮೂಗು ಮುರಿದರೆ ಬೇರೆ ಪುರೋಹಿತರು ಸಿಗುತ್ತಾರೆ. ಒಂದು ನಂಟು ಮಾತ್ರ ಕಾನೂನೇ ಉಳಿಸಿದೆ: ಹುಟ್ಟಿದ ಮನೆಯಲ್ಲಿ ಯಾರನ್ನು ಮದುವೆಯಾಗುವ ಹಾಗಿರಲಿಲ್ಲವೋ, ದತ್ತು ಹೋದ ಮೇಲೂ ಅವರನ್ನು ಆಗುವ ಹಾಗಿಲ್ಲ.

ಜಾತಿ ತಿಳಿಯಬೇಕು ಅಂತಲೇ ಹುಡುಕಲು ಹೊರಡುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ, ಆದರೆ ಪ್ರತಿ ಹೊಸ ಪರಿಚಯದಲ್ಲೂ "ನಿಮ್ಮ ಪೈಕಿ ಯಾರು" ಅಂತ ಕೇಳಿಸಿಕೊಂಡವರಿಗೆ ಬೇಡ ಅನ್ನಲು ನಾನ್ಯಾರು. ಸಿಕ್ಕ ಉತ್ತರ ನಿರೀಕ್ಷೆಯದ್ದಲ್ಲದಿದ್ದರೆ ಸಾಕಿದ ಮನೆಯಲ್ಲಿ ಏನಾಗುತ್ತದೆ ಅಂತ ಮೊದಲೇ ಯೋಚಿಸಿ, ಅಷ್ಟೇ.

ವೈದ್ಯರು "ಮನೆಯಲ್ಲಿ ಯಾರಿಗಾದರೂ ಶುಗರ್, ಬಿಪಿ ಇದೆಯಾ" ಅಂದಾಗ ಅಭ್ಯಾಸಬಲದಿಂದ ಸಾಕಿದ ಅಪ್ಪನ ಕಾಯಿಲೆ ಹೇಳಬೇಡಿ. "ನಾನು ದತ್ತು, ಹುಟ್ಟಿದ ಕುಟುಂಬದ ವಿವರ ಗೊತ್ತಿಲ್ಲ" ಅಂತ ಹೇಳಿ, ಯಾವ ತಪಾಸಣೆ ಬೇಗ ಶುರು ಮಾಡಬೇಕು ಕೇಳಿ. ವಂಶದಲ್ಲಿ ಬರುವ ಕಾಯಿಲೆಯ ಅನುಮಾನ ಇದ್ದರೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಜೆನೆಟಿಕ್ ಕೌನ್ಸೆಲಿಂಗ್ ಸಿಗುತ್ತದೆ.

ವಿಳಾಸ ಸಿಕ್ಕಿತು. ಮುಂದೆ?

ಕಾರು ಹತ್ತಬೇಡಿ. ಹಳ್ಳಿಗೆ ಹೊಸ ಕಾರು ಬಂದರೆ ಕಟ್ಟೆಯ ಮೇಲೆ ಕೂತವರೆಲ್ಲ ಯಾರ ಮನೆಗೆ ಅಂತ ಕೇಳುತ್ತಾರೆ. ಹೆತ್ತಾಕೆಗೆ ಈಗ ಗಂಡ, ಮಕ್ಕಳು, ಸೊಸೆ ಇರಬಹುದು, ಅವರಲ್ಲಿ ಒಬ್ಬರಿಗೂ ನಿಮ್ಮ ವಿಷಯ ಗೊತ್ತಿಲ್ಲದಿರಬಹುದು. ಪಂಚಾಯ್ತಿ ಸದಸ್ಯರು, ಅಂಗನವಾಡಿ ಟೀಚರ್, ಕಿರಾಣಿ ಅಂಗಡಿಯವರು, ಇವರ ಹತ್ತಿರ ವಿಳಾಸ ಕೇಳಿದರೆ ಸಂಜೆಯೊಳಗೆ ಊರೆಲ್ಲ ಸುದ್ದಿ.

ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರೇ ಮೊದಲು ಹೋಗಲಿ, ಸಾಧ್ಯವಾದರೆ ಒಬ್ಬ ಹೆಂಗಸು, ಬೇರೆ ಏನಾದರೂ ಕಾರಣ ಹೇಳಿಕೊಂಡು, ಆಕೆ ಒಬ್ಬರೇ ಇರುವಾಗ. ಅವರ ಕೈಗೆ ಒಂದು ಚಿಕ್ಕ ಕಾಗದ ಕೊಡಿ. ಆಕೆಗೆ ಓದು ಬರದಿದ್ದರೆ ಬೇರೆಯವರ ಹತ್ತಿರ ಓದಿಸಿಕೊಳ್ಳಬೇಕಾಗುತ್ತದೆ, ಹಾಗಾಗಿ ಕಾಗದ ಕೊಟ್ಟು ಬರುವುದಲ್ಲ, ಅಧಿಕಾರಿಯೇ ಓದಿ ಹೇಳಿ ವಾಪಸ್ ತರಲಿ. ಹೀಗೆ ಬರೆಯಬಹುದು: "ನಾನು ಚೆನ್ನಾಗಿದ್ದೇನೆ. ಓದಿದ್ದೇನೆ, ಕೆಲಸದಲ್ಲಿದ್ದೇನೆ. ನಿಮ್ಮ ಮೇಲೆ ನನಗೆ ಯಾವ ಕೋಪವೂ ಇಲ್ಲ. ಆಸ್ತಿ, ದುಡ್ಡು ಏನೂ ಬೇಡ. ನಿಮಗೆ ಇಷ್ಟ ಇದ್ದರೆ ಒಂದು ಸಲ ನೋಡಬೇಕು, ಇಲ್ಲದಿದ್ದರೆ ನಾನಾಗಿ ಯಾವತ್ತೂ ಬರುವುದಿಲ್ಲ." ಕೋಪ ನಿಜವಾಗಿಯೂ ಇದ್ದರೆ ಆ ಸಾಲು ಬಿಟ್ಟುಬಿಡಿ, ಸುಳ್ಳು ಬರೆಯಬೇಡಿ. ಆಸ್ತಿಯ ಸಾಲು ಮಾತ್ರ ಬಿಡಬೇಡಿ. ಆ ಮನೆಯವರ ಮೊದಲ ಹೆದರಿಕೆ ಅದೇ. ಕಾನೂನಿನಲ್ಲೂ ಅಷ್ಟೇ, ದತ್ತು ಆಗುವ ಮುಂಚೆಯೇ ನಿಮ್ಮದಾಗಿದ್ದ ಆಸ್ತಿ ಬಿಟ್ಟರೆ ಹುಟ್ಟಿದ ಮನೆಯದ್ದು ನಿಮಗೆ ಬರುವುದಿಲ್ಲ.

ಒಪ್ಪಿದರೆ ಮೊದಲ ಭೇಟಿ ಆಕೆಯ ಊರಲ್ಲಿ ಬೇಡ, ನಿಮ್ಮ ಮನೆಯಲ್ಲೂ ಬೇಡ. ಘಟಕದ ಕಚೇರಿ ಆಗಬಹುದು, ಜನ ಬಂದು ಹೋಗುವ ದೇವಸ್ಥಾನ ಇನ್ನೂ ಒಳ್ಳೆಯದು, ದೇವರಿಗೆ ಹೋಗಿ ಬರುತ್ತೇನೆ ಅಂದರೆ ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಫೋಟೋ ತೆಗೆಯುವ ಮುಂಚೆ ಕೇಳಿ. ಅಮ್ಮ ಅನ್ನಬೇಕಾ, ಬೇರೆ ಏನಾದರೂ ಅನ್ನಬೇಕಾ ಅಂತ ತಲೆ ಕೆಡಿಸಿಕೊಳ್ಳಬೇಡಿ, "ನೀವು" ಅಂತ ಶುರು ಮಾಡಿದರೂ ಮಾತು ನಡೆಯುತ್ತದೆ. ಅಪ್ಪ ಯಾರು ಅನ್ನುವ ಪ್ರಶ್ನೆಯನ್ನು ಮೊದಲ ದಿನ ಕೇಳಬೇಡಿ. ಅದರ ಹಿಂದೆ ಮೋಸವೋ ಬಲಾತ್ಕಾರವೋ ಇರಬಹುದು, ಆಕೆ ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ.

ದುಡ್ಡಿನ ಮಾತು ಒಂದಲ್ಲ ಒಂದು ದಿನ ಬರುತ್ತದೆ, ಆಕೆಯಿಂದ ಅಲ್ಲದಿದ್ದರೆ ಆಕೆಯ ಮಕ್ಕಳಿಂದ. ಕೊಡಬೇಕು ಅನ್ನಿಸಿದರೆ ಕೊಡಿ, ಆದರೆ ಎಷ್ಟು, ಯಾವುದಕ್ಕೆ ಅನ್ನುವುದನ್ನು ಹುಡುಕುವ ಮುಂಚೆಯೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿರಿ. ಸಾಲಕ್ಕೆ ಜಾಮೀನು ಸಹಿ ಮಾತ್ರ ಬೇಡ.

ಭೇಟಿ ಆದ ಮೇಲಿನ ವಾರ ಕಷ್ಟದ್ದು, ಚೆನ್ನಾಗಿ ನಡೆದರೂ ಕಷ್ಟದ್ದೇ. ನಿದ್ದೆ ಬರುವುದಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಮಾತಾಡಲು ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಬೇಡ ಅಂದರೆ

ಆಕೆ ಬೇಡ ಅಂದರೆ ಅವತ್ತಿಗೆ ಅದು ಬೇಡವೇ. ಇನ್ನೊಬ್ಬರನ್ನು ಕಳಿಸಿ ಮತ್ತೆ ಕೇಳಿಸುವುದು, ಆಕೆಯ ಮಕ್ಕಳನ್ನು ಇನ್‌ಸ್ಟಾಗ್ರಾಮಿನಲ್ಲಿ ಹುಡುಕಿ ಮೆಸೇಜ್ ಹಾಕುವುದು ಮಾಡಬೇಡಿ. ಒಪ್ಪಿಸಿದ ಕಾರಣವನ್ನು ಲಿಖಿತವಾಗಿ ಪಡೆಯಿರಿ, ಆರೋಗ್ಯದ ವಿವರವನ್ನು ಅಧಿಕಾರಿಯ ಮೂಲಕ ಕೇಳಿಸಿ. ಆಮೇಲೆ ಒಂದು ಪತ್ರ ಬರೆದು, ನಿಮ್ಮ ಫೋನ್ ನಂಬರ್, ವಿಳಾಸ ಹಾಕಿ, "ಮುಂದೆ ಯಾವತ್ತಾದರೂ ಅವರು ಕೇಳಿಕೊಂಡು ಬಂದರೆ ಇದನ್ನು ಕೊಡಬಹುದು, ನನ್ನ ಒಪ್ಪಿಗೆ ಇದೆ" ಅಂತ ನಿಮ್ಮ ಫೈಲಿನಲ್ಲಿ ಸೇರಿಸಲು ಸಂಸ್ಥೆಗೂ ಜಿಲ್ಲಾ ಘಟಕಕ್ಕೂ ಕೊಡಿ, ಎರಡೂ ಕಡೆ ಸ್ವೀಕೃತಿ ತೆಗೆದುಕೊಳ್ಳಿ. ಗಂಡ ತೀರಿಕೊಂಡ ಮೇಲೋ, ಮಕ್ಕಳ ಮದುವೆಯೆಲ್ಲ ಮುಗಿದ ಮೇಲೋ ಆಕೆಯೇ ಕೇಳಿಕೊಂಡು ಬರಬಹುದು. ಆ ಹೊತ್ತಿಗೆ ನೀವು ಮನೆ ಬದಲಾಯಿಸಿ, ಸಿಮ್ ಬದಲಾಯಿಸಿ ಆಗಿರುತ್ತದೆ, ಹಾಗಾಗಿ ನಂಬರ್ ಬದಲಾದಾಗ ಬ್ಯಾಂಕಿಗೆ ತಿಳಿಸುವಾಗಲೇ ಇವೆರಡು ಕಡೆಗೂ ಒಂದೊಂದು ಕಾಗದ ಹಾಕಿ.